ಹಾಳೆಯ ಹಿಂದಿನ ಕೈ

"ಏ, ಕೈ ಊರಬ್ಯಾಡ್ರಲೇ! ಮೊಣಕೈ ಮ್ಯಾಲೆತ್ರಿ. ಕೈ ಊರಿದಲ್ಲೆಲ್ಲ ಮಸಿ ಹತ್ತತೈತಿ!"

ಉಸ್ಮಾನ್‌ಸಾಬ್ ಮಾಸ್ತರರು ಹೀಗೆ ಕೂಗಿದ್ದು ಅದು ಏಳನೆಯ ಸಲವೋ ಎಂಟನೆಯ ಸಲವೋ. ಅಮರಮ್ಮ ಉಸಿರು ಬಿಗಿಹಿಡಿದು ಮೊಣಕೈ ಎತ್ತಿದಳು. ಅವಳ ಮುಂದೆ ನೆಲದ ಮೇಲೆ ಒಂದು ಗಾಜಿನ ತುಂಡು ಇತ್ತು. ಗಾಜಿನ ಮೇಲೆ ತೆಳ್ಳಗೆ ಸವರಿದ ಕಪ್ಪು ಮಸಿ. ಮಸಿಯ ಮೇಲೆ ಮೆಲ್ಲಗೆ ಮಲಗಿಸಿದ ಬಿಳಿ ಹಾಳೆ. ಆ ಹಾಳೆಯ ಬೆನ್ನ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆಯಬೇಕು. ಪೆನ್ಸಿಲ್ ಒತ್ತಿದಲ್ಲೆಲ್ಲ ಕೆಳಗಿನ ಮಸಿ ಹಾಳೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಎತ್ತಿ ತಿರುಗಿಸಿದರೆ ಅಚ್ಚು ಹಾಕಿದಂಥ ಚಿತ್ರ ತಯಾರು.

ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಅಷ್ಟು ಸುಲಭವಲ್ಲ. ಮೂಗು ತುರಿಸಿದರೂ ಮುಖವೆಲ್ಲ ಕಪ್ಪು. ಪಂಪಣ್ಣನಿಗಂತೂ ಆಗಲೇ ಒಂದು ಕಡೆ ಮೀಸೆ ಬಂದಿತ್ತು.

ಮಸಿ ಬಂದದ್ದು ಲಿಂಗಸುಗೂರಿನಿಂದ. ಅಲ್ಲಿಯ ಒಂದು ಪ್ರೆಸ್ಸಿನಲ್ಲಿ ಮಾಸ್ತರರ ಭಾವ ಅಕ್ಷರ ಜೋಡಿಸುವ ಕೆಲಸ ಮಾಡುತ್ತಿದ್ದರು. ಅವರು ಬೂಟ್ ಪಾಲಿಶಿನ ಖಾಲಿ ಡಬ್ಬಿಯಲ್ಲಿ ಒಂದಿಷ್ಟು ಮಸಿ ತುಂಬಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದರು. ಗಾಜು ಶಾಲೆಯ ಒಡೆದ ಕಿಟಕಿಯದು. ಕಿಟಕಿ ಒಡೆದದ್ದು ಯಾರು ಎಂದು ಕೇಳಿದರೆ ಮಾತ್ರ ಇಡೀ ಐದನೇ ಕ್ಲಾಸು ಮಾಳಿಗೆ ನೋಡುತ್ತಿತ್ತು.

ಆಗಸ್ಟ್ ಹದಿನೈದಕ್ಕೆ ಶಾಲೆಯ ಪಡಸಾಲೆಯಲ್ಲಿ ಒಂದು ಗೋಡೆಪತ್ರಿಕೆ ಹಚ್ಚಬೇಕು ಎಂದು ಮಾಸ್ತರರು ಪಣ ತೊಟ್ಟಿದ್ದರು. ಹತ್ತು ಬರಹ, ಹತ್ತು ಚಿತ್ರ. ಬರಹಗಳು ಮೊದಲೇ ತಯಾರಾಗಿದ್ದವು. ಯಾರು ಯಾವುದಕ್ಕೆ ಚಿತ್ರ ಬರೆಯಬೇಕೆಂದು ಚೀಟಿ ಎತ್ತಿಸಿದರು.

ಪಂಪಣ್ಣನಿಗೆ "ಧ್ವಜವಂದನೆ" ಬಂತು. ಅವನು ಬೆಂಚಿನ ಮೇಲೆ ನಿಂತು ಒಂದು ಸಲಾಮು ಹೊಡೆದ. ಪೀರಮ್ಮನಿಗೆ "ನಮ್ಮೂರ ಕಾಲುವೆ" ಬಂತು. ಅಮರಮ್ಮ ತನ್ನ ಚೀಟಿ ಬಿಚ್ಚಿದಳು. "ಶಾಲೆಯ ಉಪ್ಪಿಟ್ಟು" ಎಂದಿತ್ತು. ಅವಳಿಗೆ ಚೀಟಿಯನ್ನು ನುಂಗಿಬಿಡಬೇಕು ಅನ್ನಿಸಿತು.

"ಪೀರಮ್ಮಾ, ಅದಲಿ ಬದಲಿ ಮಾಡ್ಕೊಳ್ಳೂಣೇನು?" ಎಂದು ಪಿಸುಗುಟ್ಟಿದಳು.

"ಯಾಕಬೇ? ಉಪ್ಪಿಟ್ಟು ಮಾಡಾಕಿ ನಿಮ್ಮವ್ವನ ಅಲ್ಲೇನು? ನಿಂಗ ಸಸಾರ. ನಾ ಕೊಡಂಗಿಲ್ಲ ನೋಡು, ಮಾಸ್ತರ್ ಬೈತಾರ."

ಪೀರಮ್ಮ ಅಮರಮ್ಮನ ಜೀವದ ಗೆಳತಿ. ಆದರೆ ಅಮರಮ್ಮನ ಮನಸ್ಸಿನಲ್ಲಿ ಏನು ಕುದಿಯುತ್ತಿದೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಅದನ್ನು ಅಮರಮ್ಮ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವಳಲ್ಲ.

ಸಂಗತಿ ಇಷ್ಟೇ. ಅವಳ ಅವ್ವ ಗಿರಿಯಮ್ಮ ಕಳೆದ ದಸರೆಯಿಂದ ಶಾಲೆಯ ಮಕ್ಕಳಿಗೆ ಹಳದಿ ರವೆಯ ಉಪ್ಪಿಟ್ಟು ಮಾಡಿ ನೀಡುತ್ತಿದ್ದಳು. ಉಪ್ಪಿಟ್ಟು ಬಹಳ ರುಚಿ. ಒಗ್ಗರಣೆಯ ವಾಸನೆ ಬಂತೆಂದರೆ ಮಗ್ಗಿ ಹೇಳುವವರ ಬಾಯಲ್ಲಿ ಹನ್ನೆರಡೆಂಟ್ಲಿಗೆ ಎಷ್ಟೋ ಆಗಿಹೋಗುತ್ತಿತ್ತು. ಆದರೆ ಗಿರಿಯಮ್ಮ ಎಡಚಿ. ಸೌಟು ಹಿಡಿಯುವುದು ಎಡಗೈಯಲ್ಲಿ, ನೀಡುವುದೂ ಎಡಗೈಯಲ್ಲಿ.

ಮೊದಲ ದಿನವೇ ಪಂಪಣ್ಣ ತಾಟನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದ. "ಅತ್ತೀ, ಬಲಗೈಲೆ ನೀಡು. ಎಡಗೈಲೆ ನೀಡಿದ್ದು ಉಣಬಾರ್ದಂತ ನಮ್ಮಜ್ಜಿ ಹೇಳ್ಯಾಳ" ಎಂದಿದ್ದ.

ಗಿರಿಯಮ್ಮ ನಕ್ಕಿದ್ದಳು. "ನಿಮ್ಮಜ್ಜಿ ಹೇಳಿದ್ದು ಖರೇನಪ್ಪ. ಆದ್ರ ನನ್ನ ಬಲಗೈ ಮಾತು ಕೇಳಂಗಿಲ್ಲ. ಉಣ್ತಿಯೋ, ಮುಂದಿನಾವಗ ಕೊಡ್ಲೋ?"

ಪಂಪಣ್ಣ ಉಂಡ. ಉಂಡು ಮತ್ತೊಂದು ಸಲ ಲೈನಿನಲ್ಲಿ ಬಂದು ನಿಂತ. ಹಸಿವಿನ ಮುಂದೆ ಅಜ್ಜಿಯ ಮಾತು ಎಷ್ಟು ಹೊತ್ತು ನಿಂತೀತು? ಆದರೆ ಹೆಸರು ಮಾತ್ರ ಉಳಿದುಬಿಟ್ಟಿತು. ಮಧ್ಯಾಹ್ನದ ಗಂಟೆ ಹೊಡೆದರೆ ಸಾಕು, "ಎಡಚಿ ಉಪ್ಪಿಟ್ಟು! ಎಡಚಿ ಉಪ್ಪಿಟ್ಟು ಬಂತಲೇ!" ಎಂದು ಹುಡುಗರು ತಾಟು ಬಡಿಯುತ್ತ ಓಡುತ್ತಿದ್ದರು.

ಅವರಿಗೆ ಅದು ತಮಾಷೆ. ಅಮರಮ್ಮನಿಗೆ ಮಾತ್ರ ಕೇಳಿದಾಗೆಲ್ಲ ಮುಖ ಬಿಸಿಯಾಗುತ್ತಿತ್ತು. ಅವ್ವನ ಮೇಲೆ ಸಿಟ್ಟು ಬರುತ್ತಿತ್ತು. ಎಲ್ಲರ ಅವ್ವಂದಿರೂ ಬಲಗೈಯಲ್ಲಿ ನೀಡುತ್ತಾರೆ, ಇವಳಿಗೇನು ಧಾಡಿ ಎನ್ನಿಸುತ್ತಿತ್ತು. ಹಾಗೆ ಅನ್ನಿಸಿತಲ್ಲ ಎಂದು ಆಮೇಲೆ ನಾಚಿಕೆಯೂ ಆಗುತ್ತಿತ್ತು.

ಈಗ ಆ ಉಪ್ಪಿಟ್ಟಿನ ಚಿತ್ರವನ್ನು ಅವಳೇ ಬರೆಯಬೇಕು. ಅದನ್ನು ಪಡಸಾಲೆಯ ಗೋಡೆಗೆ ಹಚ್ಚುತ್ತಾರೆ. ಆಗಸ್ಟ್ ಹದಿನೈದಕ್ಕೆ ಊರೆಲ್ಲ ಬಂದು ನೋಡುತ್ತದೆ.

ಗಾಜಿನ ಮುಂದೆ ಕುಳಿತಾಗ ಅವಳಿಗೆ ಒಂದು ಉಪಾಯ ಹೊಳೆಯಿತು. ಚಿತ್ರ ತನ್ನದು, ಪೆನ್ಸಿಲ್ ತನ್ನ ಕೈಯಲ್ಲಿದೆ. ಚಿತ್ರದ ಅವ್ವನ ಬಲಗೈಗೆ ಸೌಟು ಕೊಟ್ಟರೆ ಬೇಡ ಎನ್ನುವವರು ಯಾರು?

ಅವಳು ಬರೆದಳು. ಮೊದಲು ಅವ್ವನ ತುರುಬು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ದೊಡ್ಡ ಬೋಗುಣಿ. ಒಂದು ಕಡೆ ಅಡುಗೆ ಮಾಡುವ ತಗಡಿನ ಶೆಡ್ಡು, ಅದರ ಪಕ್ಕಕ್ಕೆ ಬೇವಿನ ಗಿಡ. ತಾಟು ಹಿಡಿದ ಮೂರು ಮಕ್ಕಳು. ಕೊನೆಗೆ ಕೈ. ನೀಳವಾದ, ನೆಟ್ಟಗಿನ ಬಲಗೈ, ಅದರಲ್ಲಿ ಸೌಟು. ಬರೆದಾದ ಮೇಲೆ ಬೋಗುಣಿಯ ಮೇಲಿನ ಜಾಗವನ್ನು ಬೆರಳ ತುದಿಯಿಂದ ಮೆಲ್ಲಗೆ ಸವರಿದಳು. ಹಾಗೆ ಸವರಿದರೆ ಹೊಗೆಯ ಹಾಗೆ ನಸುಗಪ್ಪು ಬರುತ್ತದೆ ಎಂದು ಮಾಸ್ತರರು ಹೇಳಿಕೊಟ್ಟಿದ್ದರು. ಉಪ್ಪಿಟ್ಟಿಗೆ ಬಿಸಿ ಹಬೆ ಬೇಕಲ್ಲ!

"ಆತೇನವಾ? ಒಂದು ಮೂಲಿ ಹಿಡದು ಎತ್ತು. ಜಲ್ದಿ ಬ್ಯಾಡ" ಎಂದರು ಮಾಸ್ತರರು.

ಅವಳು ಮೂಲೆ ಹಿಡಿದು ಎತ್ತಿದಳು. ಹಾಳೆ ಚರ್ರೆಂದು ಗಾಜು ಬಿಟ್ಟು ಎದ್ದಿತು. ತಿರುಗಿಸಿ ನೋಡಿದಳು.

ಎಷ್ಟು ಚೆಂದ ಬಂದಿತ್ತು! ಗೆರೆಗಳು ಮೆತ್ತಗೆ, ಅಂಚಿನಲ್ಲಿ ಸಣ್ಣಗೆ ಜುಂಗು ಬಿಟ್ಟುಕೊಂಡು, ದೊಡ್ಡವರ ಪುಸ್ತಕದ ಚಿತ್ರದ ಹಾಗೆ ಇದ್ದವು. ಹಬೆ ಹಬೆಯೇ ಆಗಿತ್ತು. ಅವ್ವನ ಮುಖದಲ್ಲಿ ಅವ್ವನ ನಗೆಯೇ ಇತ್ತು.

ಆಮೇಲೆ ಅವಳ ಕಣ್ಣು ಕೈಯ ಮೇಲೆ ಬಿತ್ತು.

ಸೌಟು ಎಡಗೈಯಲ್ಲಿತ್ತು.

ಅವಳು ಹಾಳೆ ತಿರುಗಿಸಿದಳು. ಹಿಂದೆ, ಪೆನ್ಸಿಲ್ಲಿನಲ್ಲಿ, ಬಲಗೈ. ಮತ್ತೆ ತಿರುಗಿಸಿದಳು. ಮುಂದೆ, ಮಸಿಯಲ್ಲಿ, ಎಡಗೈ. ಮಸಿಗೇನು ಕಣ್ಣಿದೆಯೇ? ತಾನು ಮಾಡಿದ ಮೋಸ ಅದಕ್ಕೆ ಹೇಗೆ ತಿಳಿಯಿತು? ಹಾಳೆಯನ್ನು ಮುದುಡಿ ಲಂಗದೊಳಗೆ ಬಚ್ಚಿಟ್ಟುಕೊಳ್ಳಬೇಕು ಎನ್ನುವಷ್ಟರಲ್ಲಿ ಆ ಕಡೆ ಗೊಳ್ಳೆಂದು ನಗು ಎದ್ದಿತು.

ಪಂಪಣ್ಣನ ಚಿತ್ರ ಬಂದಿತ್ತು. ಧ್ವಜ ಚೆನ್ನಾಗಿ ಹಾರಾಡುತ್ತಿತ್ತು. ಅದರ ಕೆಳಗೆ ಸಾಲಾಗಿ ನಿಂತ ಹುಡುಗರೆಲ್ಲ ಎಡಗೈಯಲ್ಲಿ ಸಲಾಮು ಹೊಡೆಯುತ್ತಿದ್ದರು.

"ನಾ ಬರೋಬ್ಬರಿ ಬರ್ದೀನ್ರೀ ಸರ! ಬಲಗೈನ ಬರ್ದೀನಿ! ಅದ ಹಿಂಗ ಮಾಡೇತಿ!" ಎಂದು ಪಂಪಣ್ಣ ಗಾಜನ್ನು ತೋರಿಸಿ ಅಳುವ ಹಾಗೆ ಹೇಳಿದ. ಮೀಸೆ ಬೇರೆ ಇತ್ತಲ್ಲ, ನೋಡಿದವರಿಗೆ ಇನ್ನಷ್ಟು ನಗು.

ಮಾಸ್ತರರೂ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಹಣೆ ಬಡಿದುಕೊಂಡರು. "ತಪ್ಪು ನಂದಪ್ಪ. ನಿಮಗ ಹೇಳೂದ ಮರ್ತೆ. ನಾ ಗಡಿಗಿ ಬರದು ತೋರ್ಸಿದೆ. ಗಡಿಗಿಗೆ ಎಡ ಯಾವ್ದು, ಬಲ ಯಾವ್ದು? ಇದು ಕನ್ನಡಿ ಇದ್ದಂಗ ನೋಡ್ರಿ. ಹಾಳಿ ಹಿಂದ ಬರದ್ದು ಮುಂದ ಉಲ್ಟಾ ಬೀಳ್ತೈತಿ. ಅದಕ್ಕ ಹೆಸರು ಬರೀಬ್ಯಾಡ್ರಿ ಅಂದಿದ್ದೆ."

ಮಕ್ಕಳೆಲ್ಲ ತಮ್ಮ ತಮ್ಮ ಹಾಳೆ ತಿರುಗಿಸಿ ತಿರುಗಿಸಿ ನೋಡತೊಡಗಿದರು. ಪೀರಮ್ಮನ ಕಾಲುವೆ ಸಿಂಧನೂರಿನ ಕಡೆಗೆ ಹರಿಯುವುದನ್ನು ಬಿಟ್ಟು ಹಿಂದಕ್ಕೆ ಹರಿಯುತ್ತಿತ್ತು. ಮಾಸ್ತರರು ಒಂದೊಂದೇ ಚಿತ್ರ ನೋಡುತ್ತ ಬಂದು ಅಮರಮ್ಮನ ಮುಂದೆ ನಿಂತರು. ಹಾಳೆ ಇಸಿದುಕೊಂಡರು. ಮುಂದೆ ನೋಡಿದರು. ಹಿಂದೆ ನೋಡಿದರು. ಹುಬ್ಬು ಮೇಲೇರಿತು.

"ಅರೇ! ಇಲ್ಲೊಬ್ಬಾಕಿ ಶಾಣ್ಯಾಕಿ ಅದಾಳ ನೋಡ್ರಲೇ!" ಎಂದು ಹಾಳೆಯನ್ನು ಎತ್ತಿ ಹಿಡಿದರು. "ಇವರವ್ವ ನೀಡೂದು ಎಡಗೈಲೆ. ಈಕಿ ಹಿಂದ ಏನು ಬರ್ದಾಳ? ಬಲಗೈ! ಮುಂದ ಎಡಗೈ ಬೀಳ್ಲಿ ಅಂತ ಮದ್ಲ ಲೆಕ್ಕ ಹಾಕ್ಯಾಳ. ನಾ ಹೇಳಿದ್ದಿಲ್ಲ, ತಾನ ತಿಳಕೊಂಡಾಳ. ಶಾಬಾಸ್! ನಿಂಗ ಗೊತ್ತಿತ್ತಲ್ಲೇನವಾ, ಉಲ್ಟಾ ಬೀಳ್ತೈತಿ ಅಂತ?"

ಇಡೀ ಕ್ಲಾಸು ಅವಳನ್ನೇ ನೋಡುತ್ತಿತ್ತು. ಇಲ್ಲ ಎಂದರೆ? ಇಲ್ಲ ಎಂದರೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಹಾಗಾದರೆ ಬಲಗೈ ಯಾಕೆ ಬರೆದೆ?

ಅಮರಮ್ಮ ಹೌದೆಂದು ತಲೆಯಾಡಿಸಿದಳು.

"ಮತ್ತ ಬೇವಿನ ಗಿಡ ಯಾಕ ಈ ಕಡೆ ಬಂತಬೇ?" ಎಂದಳು ಪೀರಮ್ಮ. ಅವಳ ದನಿಯಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೂ ತಿಳಿಯಲೆಂದು ಕೇಳಿದಳು. "ಗಿಡ ಶೆಡ್ಡಿನ ಆ ಕಡೆ ಐತೆಲ್ಲ?"

"ಗಿಡ... ಗಿಡದ್ದು ಮರ್ತೆ" ಎಂದಳು ಅಮರಮ್ಮ.

"ಗಿಡದ್ದೇನು ಬಿಡು, ಅದು ಎಲ್ಲಿ ನಿಂತ್ರೂ ಬೇವಿನ ಗಿಡನ" ಎಂದರು ಮಾಸ್ತರರು. "ಕೈ ಬರೋಬ್ಬರಿ ಬಂತು, ಅಷ್ಟ ಸಾಕು. ಇದ ಪತ್ರಿಕಿಯ ಫಸ್ಟ್ ಚಿತ್ರ."

ಎಲ್ಲರೂ ಚಪ್ಪಾಳೆ ತಟ್ಟಿದರು. ಪಂಪಣ್ಣನೂ ತಟ್ಟಿದ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಸೇರಿ ಎರಡಾಗಿತ್ತು. ಅಮರಮ್ಮನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಅಷ್ಟು ದೊಡ್ಡ ಚಪ್ಪಾಳೆ ಅವಳಿಗೆ ಹಿಂದೆ ಎಂದೂ ಬಿದ್ದಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಗಿರಿಯಮ್ಮ ಬೋಗುಣಿ ತಿಕ್ಕಿಟ್ಟು ಮಗಳನ್ನು ಕರೆಯಲು ಬಂದಳು. ಮಾಸ್ತರರು ಅವಳನ್ನು ಪಡಸಾಲೆಗೆ ಕರೆದರು.

"ಗಿರಿಯಮ್ಮಾ, ಬರ್ರಿ ಇಲ್ಲಿ. ನಿಮ್ಮ ಮಗಳ ಕೆಲಸ ನೋಡ್ರಿ."

ಗಿರಿಯಮ್ಮ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು. ಚಿತ್ರವನ್ನು ಮುಟ್ಟಲಿಲ್ಲ. ಕತ್ತು ಮುಂದೆ ಮಾಡಿ ನೋಡಿದಳು. ಮಾಸ್ತರರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, ಅಮರಮ್ಮ ಹೇಗೆ ಲೆಕ್ಕ ಹಾಕಿ ಬಲಗೈ ಬರೆದು ಎಡಗೈ ತಂದಳು ಎಂಬುದನ್ನು ವಿವರವಾಗಿ ಹೇಳಿದರು. ಒಳ್ಳೆಯ ಮಾಸ್ತರರು. ಆದರೆ ಅವರು ಸ್ವಲ್ಪ ಕಡಿಮೆ ಮಾತಾಡಿದ್ದರೆ ಅವತ್ತು ಅಮರಮ್ಮನಿಗೆ ಉಪಕಾರವಾಗುತ್ತಿತ್ತು.

ಗಿರಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕಣ್ಣಲ್ಲಿ ನೀರಿತ್ತು.

"ನಾ ಹೆಂಗದೀನಿ ಹಂಗ ಬರ್ದಾಳಲ್ರೀ!" ಎಂದಳು.

ಮನೆಗೆ ಹೋಗುವುದು ಕಾಲುವೆಯ ಏರಿಯ ಮೇಲೆ. ಕಾಲುವೆ ತುಂಬಿ ಹರಿಯುತ್ತಿತ್ತು. ಒಂದು ಕಡೆ ನಾಟಿ ಮಾಡಿದ ಹಸಿರು ಗದ್ದೆ, ಇನ್ನೊಂದು ಕಡೆ ನೀರು ಹತ್ತದ ಕರಿಮಣ್ಣಿನ ಎರೆ ಹೊಲ. ಅವ್ವ ದಿನವೂ ಸುಮ್ಮನೆ ನಡೆಯುವವಳು. ಅವತ್ತು ಮಾತು ನಿಲ್ಲಿಸಲೇ ಇಲ್ಲ.

"ಪಾಮನಕಲ್ಲೂರಾಗ ನಾ ಸಣ್ಣಾಕಿ ಇದ್ದಾಗ ನಮ್ಮಮ್ಮ, ಅಂದ್ರ ನಮ್ಮಪ್ಪನ ಅವ್ವ, ಉಣ್ಣಾಕ ಕುಂತಾಗ ಈ ಕೈನ ಬೆನ್ನಿಗೆ ಅರಿವಿಲೆ ಕಟ್ತಿದ್ಲು. ಉಣ್ಣೂದಷ್ಟು ಬಲಗೈಗೆ ರೂಢಿ ಆತು. ಉಳದದ್ದು ಏನೂ ಆಗ್ಲಿಲ್ಲ. ಕಟ್ಟಿದ್ದಕ್ಕ ಕೈ ಊದಿತ್ತು ನೋಡು."

ಅಮರಮ್ಮ ನೆಲ ನೋಡುತ್ತ ನಡೆದಳು.

"ಮದಿವಿ ಆದಮ್ಯಾಲೆ ಜ್ವಾಳ ಕೊಯ್ಯಾಕ ಹೋದ್ರ, ನನ್ನ ಸಾಲಿನ ತುದಿಗೆ ನಿಂದ್ರಸ್ತಿದ್ರು. ನಡುವ ನಿಂತ್ರ ಬಾಜೂಕಿನಾಕಿಗೆ ನನ್ನ ಮೊಣಕೈ ಬಡಿತಿತ್ತು. ಎಲ್ಲಾರೂ ನಗೋರು. ಕಡೀಕ ನಿಮ್ಮಪ್ಪ ಸಂತೆಕಲ್ಲೂರಿಗೆ ಹೋಗಿ ಕಮ್ಮಾರಗ ಹೇಳಿ ಎಡಗೈ ಕುಡುಗೋಲು ಮಾಡಿಸ್ಕೊಂಡು ಬಂದ್ರು. ಅದರ ಹಲ್ಲು ಆ ಕಡೆ ತಿರುಗಿರ್ತಾವು. ಆಮ್ಯಾಲೆ ನೋಡು, ಎಲ್ಲಾರಕಿಂತ ಮುಂದ ನನ್ನ ಸಾಲ!"

ಅವ್ವ ನಕ್ಕಳು. ಎಡಗೈಯಿಂದ ಮಗಳ ಜಡೆ ಸರಿಮಾಡಿದಳು. "ಎಲ್ಲಾರೂ ಈ ಕೈ ಬದಲಿ ಮಾಡಾಕ ನೋಡಿದೋರ. ನಿಮ್ಮಪ್ಪ ಬಿಟ್ರ ನೀ ಒಬ್ಬಾಕಿನ, ಇದ್ದಂಗ ಇರ್ಲಿ ಅಂದಾಕಿ" ಎಂದಳು.

ಅಮರಮ್ಮ ಅವ್ವನಿಗಿಂತ ಎರಡು ಹೆಜ್ಜೆ ಹಿಂದೆ ಉಳಿದಳು. ಅವ್ವ ಬೈದಿದ್ದರೆ ಚೆನ್ನಾಗಿತ್ತು. ಎರಡು ಏಟು ಕೊಟ್ಟಿದ್ದರೆ ಇನ್ನೂ ಚೆನ್ನಾಗಿತ್ತು. ಹೀಗೆ ಹೊಗಳುವುದನ್ನು ಹೇಗೆ ತಡೆದುಕೊಳ್ಳುವುದು?

ಸಂಜೆ ಅಪ್ಪ ಕಾಲುವೆಯ ತೂಬಿನ ಕಡೆ ಹೋಗಿದ್ದ. ಅವನದು ನೀರು ಬಿಡುವ, ನಿಲ್ಲಿಸುವ ಕೆಲಸ. ಅವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಅಮರಮ್ಮ ಗೋಡೆಗೆ ಒರಗಿ ಕುಳಿತು, ಬಿದ್ದ ಹಿಟ್ಟಿನಲ್ಲಿ ಬೆರಳಾಡಿಸುತ್ತಿದ್ದಳು.

"ಅವ್ವಾ."

"ಹೂಂ."

"ಆ ಚಿತ್ರದಾಗ... ನಾ ಬಲಗೈ ಬರ್ದಿದ್ದೆ."

"ಹೂಂ ಮತ್ತ. ಬಲಗೈ ಬರದ್ರ ಎಡಗೈ ಬೀಳ್ತೈತಿ ಅಂತ ಮಾಸ್ತರ್ ತಿಳಿಸಿ ಹೇಳಿದ್ರಲ್ಲ. ಅಷ್ಟೂ ತಿಳಿಯಂಗಿಲ್ಲೇನು ನಂಗ?"

ಅಮರಮ್ಮ ಅಲ್ಲಿಗೇ ನಿಲ್ಲಿಸಿಬಿಡಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ. ಹಾಳೆಯ ಹಿಂದೆ ಇದ್ದದ್ದೂ ಮುಂದೆ ಇದ್ದದ್ದೂ ಎಲ್ಲರಿಗೂ ಒಪ್ಪಿಗೆಯಾಗಿತ್ತು. ಹೇಳದಿದ್ದರೆ ಅದು ಎಂದೆಂದಿಗೂ ಯಾರಿಗೂ ತಿಳಿಯುವಂತಿರಲಿಲ್ಲ. ಆದರೆ ಅವಳಿಗೆ ತಿಳಿದಿತ್ತು. ಅದಕ್ಕೇ ಅವ್ವನ ಮುಖ ನೋಡುವುದಕ್ಕೇ ಆಗುತ್ತಿರಲಿಲ್ಲ.

"ಹಂಗಲ್ಲವ್ವ. ಉಲ್ಟಾ ಬೀಳ್ತೈತಿ ಅಂತ ನಂಗ ಗೊತ್ತ ಇದ್ದಿಲ್ಲ. ಬಲಗೈ ಕಾಣ್ಲಿ ಅಂತನ ಬರ್ದಿದ್ದೆ. ಮಾಸ್ತರ್ ಕೇಳಿದ್ದಕ್ಕ ಹೂಂ ಅಂತ ಸುಳ್ಳು ಹೇಳೀನಿ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಒಲೆಯಲ್ಲಿ ತೊಗರಿ ಕಟ್ಟಿಗೆ ಚಟಪಟ ಅನ್ನುತ್ತಿತ್ತು.

"ಎಲ್ಲಾರೂ ಎಡಚಿ ಉಪ್ಪಿಟ್ಟು ಅಂತಾರವ್ವ" ಎಂದಳು ಅಮರಮ್ಮ. ಅಳು ಬಂದುಬಿಟ್ಟಿತು.

"ಅದು ನಂಗೂ ಕೇಳ್ತೈತಿ. ಹುಡುಗ್ರು, ಅಂತಾವು" ಎಂದಳು ಅವ್ವ. ಕಟ್ಟಿಗೆಯನ್ನು ಒಲೆಯೊಳಗೆ ತಳ್ಳಿ ಕೇಳಿದಳು, "ನಿಂಗ ನಾಚಿಕಿ ಬರ್ತೈತೇನು?"

ಅಮರಮ್ಮ ತಲೆ ತಗ್ಗಿಸಿದಳು. ಅವ್ವನಿಗೆ ಉತ್ತರ ಸಿಕ್ಕಿತು.

ಅವ್ವ ರೊಟ್ಟಿಯನ್ನು ಎತ್ತಿ ಹಂಚಿನ ಮೇಲೆ ಹಾಕಿದಳು. ಎಡಗೈಯಿಂದಲೇ ಹಾಕಿದಳು. ಆಮೇಲೆ ಹಿಟ್ಟು ಮೆತ್ತಿದ ಆ ಕೈಯನ್ನು ಒಂದು ಸಲ ನೋಡಿಕೊಂಡಳು.

"ಮುಖ ತೊಳಕೊಂಡು ಬಾ. ರೊಟ್ಟಿ ಆರ್ತೈತಿ" ಎಂದಳು. ಸಿಟ್ಟು ಮಾಡಲಿಲ್ಲ. ಮತ್ತೆ ಆ ಮಾತು ಎತ್ತಲೂ ಇಲ್ಲ.

ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಅಮರಮ್ಮ ತಿಳಿದಿದ್ದಳು. ಆಗಲಿಲ್ಲ.

ಮರುದಿನ ಮಧ್ಯಾಹ್ನ ಗಂಟೆ ಹೊಡೆಯಿತು. ತಾಟು ಬಡಿಯುತ್ತ ಎಲ್ಲರೂ ಓಡಿದರು. ಅಮರಮ್ಮ ಲೈನಿನಲ್ಲಿ ನಿಂತಳು. ಅವಳ ಮುಂದೆ ಹನ್ನೆರಡು ಹದಿಮೂರು ಮಂದಿ ಇದ್ದರು, ಹಿಂದೆ ಪಂಪಣ್ಣ. ಯಾಕೋ ಇವತ್ತು ಲೈನು ಮುಂದೆ ಸರಿಯುತ್ತಲೇ ಇರಲಿಲ್ಲ.

"ಏನಾಗೇತಿ ಇವತ್ತು? ಅತ್ತಿ ನೆಲಕ್ಕ ನೀಡಾಕತ್ತಾಳ!" ಎಂದ ಪಂಪಣ್ಣ ಕತ್ತು ಉದ್ದ ಮಾಡಿ. ನಾಲ್ಕು ಜನ ಕಿಸಕ್ಕೆಂದು ನಕ್ಕರು.

ಅಮರಮ್ಮ ಪಕ್ಕಕ್ಕೆ ವಾಲಿ ನೋಡಿದಳು.

ಅವ್ವ ಸೌಟನ್ನು ಬಲಗೈಯಲ್ಲಿ ಹಿಡಿದಿದ್ದಳು.

ಹಿಡಿದಿದ್ದಳು ಅನ್ನುವುದಕ್ಕಿಂತ, ಬೀಳದ ಹಾಗೆ ತಡೆದಿದ್ದಳು ಅನ್ನಬೇಕು. ಬೋಗುಣಿಯಿಂದ ಎತ್ತುವಾಗ ಸೌಟು ವಾಲುತ್ತಿತ್ತು. ತಾಟಿನ ಹತ್ತಿರ ಬರುವಷ್ಟರಲ್ಲಿ ಕೈ ನಡುಗಿ ಅರ್ಧ ಉಪ್ಪಿಟ್ಟು ಹೊರಗೆ ಬೀಳುತ್ತಿತ್ತು. ಒಂದು ಸಲ ಬಿಸಿ ಉಪ್ಪಿಟ್ಟು ಅವ್ವನ ಎಡಗೈಯ ಮೇಲೆಯೇ ಬಿತ್ತು. ಅವಳು ಹಲ್ಲು ಕಚ್ಚಿ ಕೈ ಕೊಡವಿದಳು, ಬಗ್ಗಿ ನೆಲದ ಮೇಲಿನದನ್ನು ಬಳಿದು ಪಕ್ಕಕ್ಕೆ ಹಾಕಿದಳು, ಮತ್ತೆ ಅದೇ ಬಲಗೈಯಲ್ಲಿ ಸೌಟು ಎತ್ತಿದಳು. ಹಣೆಯ ಮೇಲೆ ಬೆವರು. ಮುಖದಲ್ಲಿ ದಿನದ ನಗೆ ಇರಲಿಲ್ಲ.

ಹಾಳೆಯ ಹಿಂದೆ ತಾನು ಪೆನ್ಸಿಲ್ಲಿನಲ್ಲಿ ಬರೆದ ಅವ್ವ ಇವಳೇ. ಅಮರಮ್ಮನಿಗೆ ಅದು ಆಗ ಹೊಳೆಯಿತು. ಸೊಂಟಕ್ಕೆ ಸಿಕ್ಕಿಸಿದ ಸೆರಗು, ದೊಡ್ಡ ಬೋಗುಣಿ, ಬಲಗೈಯಲ್ಲಿ ಸೌಟು. ತಾನು ಹೇಗೆ ಬೇಕೆಂದಿದ್ದಳೋ ಹಾಗೇ. ಬರೆಯುವಾಗ ಆ ಕೈ ಎಷ್ಟು ನೆಟ್ಟಗೆ, ನೀಳವಾಗಿ ಬಂದಿತ್ತು! ಇಲ್ಲಿ ಅದು ನಡುಗುತ್ತಿತ್ತು. ತನಗಾಗಿ ನಡುಗುತ್ತಿತ್ತು.

ಅವಳ ಸರದಿ ಬಂತು. ತಾಟು ಚಾಚಿದಳು. ಅವ್ವ ತಲೆ ಎತ್ತಲಿಲ್ಲ. ಸೌಟು ಮೆಲ್ಲಗೆ, ಅಲುಗಾಡುತ್ತ ಮೇಲೆ ಬಂತು.

"ಅವ್ವಾ, ಆ ಕೈಲೆ ನೀಡು."

ಸೌಟು ನಡುವೆ ನಿಂತಿತು. "ಯಾವ ಕೈಲೆ?" ಎಂದಳು ಅವ್ವ, ಇಬ್ಬರಿಗಷ್ಟೇ ಕೇಳುವ ಹಾಗೆ.

ಅಮರಮ್ಮ ಇಡೀ ಲೈನಿಗೆ ಕೇಳುವ ಹಾಗೆ ಹೇಳಿದಳು. "ಎಡಗೈಲೆ. ನಿನ್ನ ಕೈಲೆ."

ಹಿಂದೆ ಪಂಪಣ್ಣ ಕಿಸಕ್ಕೆಂದ. ಇನ್ನೂ ಯಾರೋ ಏನೋ ಅಂದರು. ಅಮರಮ್ಮನ ಕಿವಿ ಬಿಸಿಯಾದವು, ದಿನಕ್ಕಿಂತ ಹೆಚ್ಚೇ ಬಿಸಿಯಾದವು. ಅವಳು ತಿರುಗಿ ನೋಡಲಿಲ್ಲ. ತಾಟನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಹಾಗೇ ನಿಂತಳು.

ಅವ್ವ ಅವಳ ಮುಖವನ್ನೇ ನೋಡಿದಳು. ಆಮೇಲೆ ಸೌಟನ್ನು ಎಡಗೈಗೆ ಬದಲಿಸಿದಳು. ಒಂದು ಸೌಟು ಉಪ್ಪಿಟ್ಟು ತಾಟಿನ ನಟ್ಟನಡುವೆ ಬಂದು ಕುಳಿತಿತು. ಒಂದು ಚೂರೂ ಹೊರಗೆ ಬೀಳಲಿಲ್ಲ.

"ಮುಂದ ನಡಿ. ಹಿಂದ ಹುಡುಗ್ರು ಕಾಯಾಕತ್ತಾವ" ಎಂದಳು ಅವ್ವ. ಎಲ್ಲ ಮಕ್ಕಳಿಗೂ ದಿನವೂ ಹೇಳುವ ಮಾತನ್ನೇ ಹೇಳಿದಳು. ಲೈನು ಮೊದಲಿನ ಹಾಗೆ ಬೇಗ ಬೇಗ ಸರಿಯತೊಡಗಿತು.

ಪಡಸಾಲೆಯಲ್ಲಿ ಉಸ್ಮಾನ್‌ಸಾಬ್ ಮಾಸ್ತರರು ಕುರ್ಚಿ ಹತ್ತಿ ಗೋಡೆಪತ್ರಿಕೆಗೆ ಅಂಟು ಹಚ್ಚುತ್ತಿದ್ದರು. ಅವರಿಗೂ ಹೇಳಬೇಕಿತ್ತು. ಎಲ್ಲರ ಮುಂದೆ ಶಾಬಾಸ್ ಅಂದವರು, ಏನೆನ್ನುತ್ತಾರೋ ಏನೋ. ಹೇಗೆ ಶುರು ಮಾಡಬೇಕು ಎಂಬುದೂ ಗೊತ್ತಾಗುತ್ತಿರಲಿಲ್ಲ.

ಅಮರಮ್ಮ ಮಾಸ್ತರರು ಕಾಣುವ ಹಾಗೆ ಮೆಟ್ಟಿಲ ಮೇಲೆ ಕುಳಿತು, ಅವರು ಕುರ್ಚಿಯಿಂದ ಇಳಿಯುವುದನ್ನೇ ಕಾಯುತ್ತ, ಉಪ್ಪಿಟ್ಟು ತಿನ್ನತೊಡಗಿದಳು.